ಮೋಡದ ಕೆಳಗಿನ ಮುದುಕಿ

ಒಗಾವಾ ಬೀದಿಯ ಚಿತ್ರದಂಗಡಿಗೆ ಕಾಗದದ ಮೇಲೆ ಚಿತ್ರ ಬರೆದ ಆ ಮಡಿಸುವ ತೆರೆ ಮರಳಿ ಬಂದದ್ದು ಎಂಟನೆಯ ತಿಂಗಳ ಬಿರುಗಾಳಿ ನಿಂತ ಮೇಲೆ. ಇಬ್ಬರು ಆಳುಗಳು ಅದನ್ನು ಎಣ್ಣೆಕಾಗದದಲ್ಲಿ ಸುತ್ತಿ, ಕಾಯಿಲೆಯವರನ್ನು ಹೊತ್ತು ತರುವಂತೆ ಮೆಲ್ಲಗೆ ತಂದು ಹಲಗೆಯ ಮೇಲಿಟ್ಟರು. ಕಾಮೊ ನದಿ ಉಕ್ಕಿ, ದಂಡೆಯ ಮೇಲಿದ್ದ ರೇಷ್ಮೆ ವ್ಯಾಪಾರಿಯ ಉಗ್ರಾಣಕ್ಕೆ ನುಗ್ಗಿತ್ತು. ಬೇಸಿಗೆಗೆಂದು ಅಲ್ಲಿ ತೆಗೆದಿಟ್ಟಿದ್ದ ಜೋಡಿ ತೆರೆಗಳಲ್ಲಿ ಬಲಗಡೆಯದು ಹೇಗೋ ಉಳಿದುಕೊಂಡಿತ್ತು, ಎಡಗಡೆಯದು ನೆನೆದಿತ್ತು. ಇಪ್ಪತ್ತಾರು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಆ ವ್ಯಾಪಾರಿಯ ಹೆಂಡತಿಯ ಮದುವೆಗೆಂದು ಬರೆದ ತೆರೆ ಅದು. ಈಗ ಅವಳ ಮಗಳ ಮದುವೆ. ಹತ್ತನೆಯ ತಿಂಗಳೊಳಗೆ ಸರಿಮಾಡಿ ಕೊಡಬೇಕೆಂದು ಹೇಳಿ, ಕೊಟ್ಟ ಚಹಾ ಕುಡಿದು ಆಳುಗಳು ಹೊರಟುಹೋದರು.

ಅಂಗಡಿಯ ಯಜಮಾನ ಕಿಚಿಬೇ ಕಾಗದ ಬಿಚ್ಚಿ ಆರು ಮಡಿಕೆಗಳನ್ನೂ ಒಂದೊಂದಾಗಿ ಹರಡಿದ. ಹಳೆಯ ಅರಮನೆಯ ಕಥೆಯ ಪ್ರಸಂಗಗಳು. ಈ ಊರಲ್ಲಿ ಹೆಣ್ಣು ಕೊಡುವ ಮನೆಗಳಿಗೆಲ್ಲ ಬೇಕಾದವು. ಮನೆಗಳಿಗೆ ಸೂರಿಲ್ಲ. ಮೇಲಿನಿಂದ ಇಣುಕುವವರಿಗೆ ಒಳಗೆ ಕೂತವರು ಕಾಣಬೇಕು, ಅದಕ್ಕೇ ಸೂರನ್ನು ಬರೆಯುವುದೇ ಇಲ್ಲ. ಒಂದು ಪ್ರಸಂಗ ಮುಗಿದು ಇನ್ನೊಂದು ತೊಡಗುವ ಕಡೆ ಚಿನ್ನದ ಮೋಡ. ಐದನೆಯ ಮಡಿಕೆಯಲ್ಲಿ ಆ ಮೋಡ ಅಂಗೈ ಅಗಲದಷ್ಟು ಉದುರಿಹೋಗಿತ್ತು. ಉದುರಿದ ಜಾಗದಲ್ಲಿ ಒಂದು ಮುಖವಿತ್ತು.

“ರುಯಿ ಚಿಕ್ಕಮ್ಮಾ, ಬನ್ನಿ ಇಲ್ಲಿ,” ಎಂದು ಕಿಚಿಬೇ ಕೂಗಿದ. “ನಿಮ್ಮ ಮೋಡ ಬಿದ್ದುಹೋಗಿದೆ.”

“ನನ್ನ ಮೋಡ ಬೀಳಲ್ಲ,” ಎಂಬ ಮಾತು ಹಿಂದಿನ ಕೋಣೆಯಿಂದ ಮೊದಲು ಬಂತು. ಆಮೇಲೆ ರುಯಿ ಬಂದಳು.

ಐವತ್ತೆರಡು ವರ್ಷದ, ಒಣಕಲು ಮೈಯ ಹೆಂಗಸು. ಮೂವತ್ತನಾಲ್ಕು ವರ್ಷದಿಂದ ಆ ಅಂಗಡಿಯಲ್ಲಿ ಅವಳಿಗೆ ಒಂದೇ ಕೆಲಸ, ಚಿನ್ನದ ರೇಕು ಕೂರಿಸುವುದು. ಮನುಷ್ಯರನ್ನು ಬರೆಯುವವರು ಬೇರೆ, ಉಡುಪಿಗೆ ಬಣ್ಣ ತುಂಬುವವರು ಬೇರೆ, ಮರಗಿಡಗಳಿಗೆ ಬೇರೆ. ಅವರೆಲ್ಲರ ಕೆಲಸ ಮುಗಿದ ಮೇಲೆ ರುಯಿಯ ಮೋಡಗಳು ಬರುತ್ತವೆ. ಕೊಳ್ಳಲು ಬಂದವರು ಉಡುಪಿನ ಕಸೂತಿಯನ್ನು ಹೊಗಳುತ್ತಾರೆ, ಮೇಪಲ್ ಎಲೆಗಳನ್ನು ಎಣಿಸುತ್ತಾರೆ, ಹೆಂಗಸರ ಕೂದಲು ನೋಡಿ ಬೆರಗಾಗುತ್ತಾರೆ. ಮೋಡ ಚೆನ್ನಾಗಿದೆ ಎಂದವರನ್ನು ನಾನಂತೂ ಕಾಣೆ. ತೆರೆಯ ಅರ್ಧಕ್ಕೆ ಅರ್ಧ ಇರುವುದೇ ಮೋಡ, ಆದರೂ ಅದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ.

ಅವಳ ಅಪ್ಪ ಚಿನ್ನವನ್ನು ತೆಳು ರೇಕಾಗಿ ಬಡಿಯುವವನು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದಿನಲ್ಲೇ ಬೆಳೆದವಳಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಹದಿನೆಂಟಕ್ಕೆ ಈ ಅಂಗಡಿಗೆ ಬಂದಾಗ ಅವಳ ನಗು ಬೀದಿಯ ಆ ತುದಿಗೆ ಕೇಳುತ್ತಿತ್ತೆಂದು ಹಳಬರು ಈಗಲೂ ಹೇಳುತ್ತಾರೆ. ಆದರೆ ರೇಕಿನ ಕೆಲಸಕ್ಕೆ ಬಾಯಿ ಕೂಡದು. ಒಂದು ಉಸಿರು ತಾಗಿದರೂ ರೇಕು ಹಾರಿಹೋಗುತ್ತದೆ. ಬೇಸಿಗೆಯ ಧಗೆಯಲ್ಲೂ ಕಾಗದದ ಬಾಗಿಲುಗಳನ್ನು ಬಿಗಿಯಾಗಿ ಎಳೆದು, ಬೀಸಣಿಗೆಯಿಲ್ಲದೆ, ಜೊತೆಗೆ ಯಾರನ್ನೂ ಕೂರಿಸಿಕೊಳ್ಳದೆ, ಬಿದಿರಿನ ಚಿಮಟದಲ್ಲಿ ಒಂದೊಂದೇ ಚೌಕ ಎತ್ತಿ, ಉಸಿರು ಹಿಡಿದು ಕೂರಿಸಬೇಕು. ಹಾಗೆ ಬಾಯಿ ಮುಚ್ಚಿ ಕೂತ ಹುಡುಗಿಗೆ ವರ್ಷ ಕಳೆದ ಹಾಗೆ ಬಾಯಿ ಮುಚ್ಚಿರುವುದೇ ಸ್ವಭಾವವಾಯಿತು. ಕೆಲಸ ಮುಗಿಸಿ ಹೊರಗೆ ಬಂದಾಗ ಮಾತಾಡಲು ಯಾರಾದರೂ ಇದ್ದಿದ್ದರೆ ಹಾಗಾಗುತ್ತಿರಲಿಲ್ಲವೇನೋ.

ಕೆಲವು ವರ್ಷ ಒಬ್ಬನಿದ್ದ. ಜಿನ್‌ಶಿಚಿ, ಅದೇ ಅಂಗಡಿಯಲ್ಲಿ ಮನುಷ್ಯರನ್ನು ಬರೆಯುತ್ತಿದ್ದವನು. ಬಂದ ಎರಡನೆಯ ವರ್ಷ ರುಯಿ ಅವನನ್ನು ಮದುವೆಯಾದಳು. ಅವನು ಹೆಚ್ಚು ಮಾತಿನವನಲ್ಲ. ಊಟಕ್ಕೆ ಕೂತರೆ ಉಪ್ಪಿನಲ್ಲಿ ಹಾಕಿದ ಟರ್ನಿಪ್ ಗೆಡ್ಡೆಯನ್ನು ಒಂದು ಚೂರೂ ಬಿಡದೆ ತಿಂದು, ಬಟ್ಟಲಿಗೆ ಚಹಾ ಸುರಿದುಕೊಂಡು ಕುಡಿದು, ಏಳುತ್ತಿದ್ದ. ಅವಳು ಬಾಯ್ತುಂಬ ಮಾತಾಡುವಳು, ಅವನು ಕೇಳುವನು. ಕೇಳುತ್ತಿದ್ದನೋ ಇಲ್ಲವೋ ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳಾಗಲಿಲ್ಲ.

ಈ ತೆರೆಯನ್ನು ಬರೆದ ಶರತ್ಕಾಲದಲ್ಲಿ ಅವಳಿಗೆ ಇಪ್ಪತ್ತಾರು. ಐದನೆಯ ಮಡಿಕೆಯ ಪ್ರಸಂಗ ಕಳೆ ಬೆಳೆದ ಮನೆಯದು. ಹೆಂಗಸೊಬ್ಬಳನ್ನು ದೊಡ್ಡ ಮನೆತನದವನೊಬ್ಬ ಮರೆತುಬಿಟ್ಟಿರುತ್ತಾನೆ. ಮನೆ ಕುಸಿದು, ಅಂಗಳದಲ್ಲಿ ಎದೆಯುದ್ದ ಕಳೆ ಬೆಳೆದಿರುತ್ತದೆ. ವರ್ಷಗಳ ಮೇಲೆ ಒಂದು ದಿನ ಅವನು ಕೊಡೆ ಹಿಡಿದು ಆ ಒದ್ದೆ ಹುಲ್ಲನ್ನು ತುಳಿದುಕೊಂಡು ಬರುತ್ತಾನೆ. ಅರಮನೆಯ ಮುಖಗಳಿಗೆ ಒಂದು ಕಟ್ಟಳೆಯಿದೆ: ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ, ಅಷ್ಟೇ. ರಾಣಿಗೂ ಅದೇ, ದಾಸಿಗೂ ಅದೇ. ನಗುವವರೂ ಅಳುವವರೂ ಒಂದೇ ಮುಖದವರು. ಜಿನ್‌ಶಿಚಿ ಅಂಥ ಸಾವಿರ ಮುಖ ಬರೆದವನು, ಕಣ್ಣು ಕಟ್ಟಿದರೂ ಬರೆಯಬಲ್ಲವನು. ಆ ಸಲ ಅವನು ಆ ಹೆಂಗಸಿಗೆ ಬೇರೆ ಮುಖ ಬರೆದ. ಹೆಬ್ಬೆರಳಿನಷ್ಟು ಮುಖದಲ್ಲಿ ಹಣೆಯ ಗೆರೆಗಳಿದ್ದವು, ಕೆನ್ನೆ ಇಳಿದಿತ್ತು, ಎಡ ಹುಬ್ಬು ತುಸು ಮೇಲೆ ನಿಂತಿತ್ತು, ಕೆಳತುಟಿ ಒಳಗೆ ಸೇರಿತ್ತು.

ಅಂಗಡಿಯವರೆಲ್ಲ ಸುತ್ತ ನೆರೆದರು. ಆಗಿನ ಯಜಮಾನರು ಕಿಚಿಬೇಯ ಅಪ್ಪ. ಅವರು ಬಗ್ಗಿ ನೋಡಿ, “ಇವಳ ಮುಖಕ್ಕೆ ಏನಾಯ್ತೋ?” ಎಂದರು.

“ವಯಸ್ಸಾಯ್ತು,” ಎಂದ ಜಿನ್‌ಶಿಚಿ. “ಅಷ್ಟು ವರ್ಷ ಕಾದಿದ್ದಾಳೆ ಅಂತ ಕಥೇಲಿದೆ. ಕಾದೋಳಿಗೆ ವಯಸ್ಸಾಗ್ಬೇಕಲ್ಲ, ಯಜಮಾನ್ರೇ.”

“ಕಥೇಲಿ ಯಾರಿಗೂ ವಯಸ್ಸಾಗಲ್ಲ. ಈ ತೆರೆ ಪಕ್ಕ ಮಲಗೋ ಹುಡುಗಿಗೆ ಹದಿನೆಂಟು. ಅವಳ ತಲೆದೆಸೇಲಿ ಈ ಸುಕ್ಕು ಮೋರೆ ಇಟ್ಟು ಕಳಿಸ್ತೀಯೇನು?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ರುಯಿ. “ನಮ್ಮ ತೋಫು ಮಾರೋ ಅಜ್ಜಿ ಇದ್ದ ಹಾಗಿದಾಳೆ ನೋಡಿ,” ಎಂದಳು. “ಪಾಪ, ಹಲ್ಲೆಲ್ಲ ಹೋಗಿ ತುಟಿ ಒಳಗೆ ಸೇರ್ಕೊಂಡಿದೆ.” ಮತ್ತೆ ನಗೆಯ ಹೊಳೆ. ಜಿನ್‌ಶಿಚಿಯೂ ನಕ್ಕ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, ಕುಂಚ ತೊಳೆಯಲು ಎದ್ದುಹೋದ.

ತಪ್ಪಾಗಿ ಬರೆದದ್ದಕ್ಕೆ ಆ ಕಸುಬಿನಲ್ಲಿ ಒಂದೇ ಮದ್ದು, ಮೇಲೊಂದು ಮೋಡ. ಯಜಮಾನರು ಎರಡನೆಯ ಸಲ ಹೇಳಬೇಕಾಗಲಿಲ್ಲ. ಚಿಪ್ಪು ಅರೆದ ಬಿಳಿ ಬಣ್ಣವನ್ನು ಗಟ್ಟಿ ಸರೇಸಿನ ಅಂಟಿನಲ್ಲಿ ಕಲಸಿ ಎರಡು ಸಲ ಬಳಿದು, ಒಣಗಿದ ಮೇಲೆ ರುಯಿ ಅದರ ಮೇಲೆ ಚಿನ್ನ ಕೂರಿಸಿದಳು. ಕೊಡೆಯವನು ಹಾಗೇ ಉಳಿದ. ಅವನು ಯಾರ ಬಳಿಗೆ ಹೋಗುತ್ತಿದ್ದಾನೆಂದು ಕಥೆ ಬಲ್ಲವರಿಗೆ ಗೊತ್ತಿರುತ್ತದಲ್ಲ, ಅಷ್ಟು ಸಾಕೆಂದರು ಯಜಮಾನರು.

ಮರುವರ್ಷದ ಮೊದಲಲ್ಲೇ ಮೂಡಣದ ದೊಡ್ಡ ನಗರ ಎಡೋ ಬೆಂಕಿ ಬಿದ್ದು ಸುಟ್ಟುಹೋಯಿತು. ದೊಡ್ಡವರ ಮನೆಗಳೆಲ್ಲ ಹೊಸದಾಗಿ ಏಳುತ್ತಿದ್ದವು, ಹೊಸ ಮನೆಗೆಲ್ಲ ತೆರೆಗಳು ಬೇಕಾಗಿದ್ದವು. ಎರಡು ವರ್ಷ ದುಡಿದು ಬರುತ್ತೇನೆಂದು ಜಿನ್‌ಶಿಚಿ ಹೊರಟ. ಅಲ್ಲಿಂದ ಎರಡು ಕಾಗದ ಬರೆದ. ಒಂದರಲ್ಲಿ ಗಾಳಿಯ ಧೂಳು, ಇನ್ನೊಂದರಲ್ಲಿ ಹಾವುಮೀನು ಎಷ್ಟು ರುಚಿ ಎಂಬ ಸುದ್ದಿ. ಎರಡನೆಯ ಚಳಿಗಾಲದಲ್ಲಿ ಜ್ವರ ಬಂದು ಸತ್ತ. ಆ ಕಡೆಯಿಂದ ಬಂದ ಬಟ್ಟೆ ವ್ಯಾಪಾರಿಯೊಬ್ಬ ಅವನ ಕುಂಚಗಳನ್ನೂ ಕಾಗದದಲ್ಲಿ ಮಡಚಿದ ಒಂದು ಚೂರು ಕೂದಲನ್ನೂ ತಂದುಕೊಟ್ಟ.

ರುಯಿ ಅತ್ತಳು, ಎಲ್ಲರಂತೆ. ಆದರೆ ಅಳು ನಿಂತ ಮೇಲೆ ಅವಳನ್ನು ಹಿಡಿದದ್ದು ಬೇರೆ ಸಂಕಟ. ಏಳು ವರ್ಷ ಒಂದೇ ಬಟ್ಟಲಿನಿಂದ ಬಡಿಸಿಕೊಂಡು ಉಂಡವನು ತನ್ನನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದನೇ? ಕಾಗದಗಳನ್ನು ಹಿಂದುಮುಂದಾಗಿ ಓದಿದಳು, ಹಾವುಮೀನಿನ ಆಚೆ ಏನೂ ಸಿಗಲಿಲ್ಲ. ಮೋಡ ಕೂರಿಸುವವಳನ್ನು ಗಂಡನೂ ಮೋಡದಂತೆಯೇ ದಾಟಿ ನೋಡಿದ ಎಂದುಕೊಂಡಳು. ಹಾಗೆ ಅಂದುಕೊಂಡೇ ಇಪ್ಪತ್ತನಾಲ್ಕು ವರ್ಷ ಕಳೆದಳು. ಯಾರಾದರೂ ಹೇಗಿದ್ದೀರಿ ಎಂದರೆ ಬೇಸರಕ್ಕೆ ಪುರುಸೊತ್ತಿಲ್ಲ ಎನ್ನುವಳು. ಅದು ಶುದ್ಧ ಸುಳ್ಳು. ಬೀದಿಯವರೆಲ್ಲ ಹೋಗುವ ಸ್ನಾನದ ಮನೆಯಲ್ಲಿ ಬೇರೆ ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಉಜ್ಜುವಾಗ, ಇವಳು ಕೈಗೆ ಎಟುಕುವಷ್ಟನ್ನು ತಾನೇ ಉಜ್ಜಿಕೊಂಡು ಬರುತ್ತಿದ್ದಳು.

ಅಂಥವಳು ಈಗ ತೆರೆಯ ಮುಂದೆ ಮಂಡಿಯೂರಿ, ತನ್ನ ಮೋಡ ಬಿದ್ದ ಅವಮಾನಕ್ಕೆ ಕುದಿಯುತ್ತ, ಅಂಚನ್ನು ಪರೀಕ್ಷಿಸುತ್ತಿದ್ದಳು.

“ಸರೇಸು ಕೆಟ್ಟಿಲ್ಲ. ನೀರಲ್ಲಿ ಅದೆಷ್ಟು ದಿನ ನೆನೆಸಿದಾರೋ ಕೇಳು ಅವರನ್ನ. ಮೂರು ದಿನ ನೆನೆದ್ರೆ ಬಂಡೆ ಆದ್ರೂ ಬಿಡುತ್ತೆ.”

“ನಿಮ್ಮ ತಪ್ಪು ಅಂತ ಯಾರಂದ್ರು, ಚಿಕ್ಕಮ್ಮ,” ಎಂದ ಕಿಚಿಬೇ.

ಅಷ್ಟರಲ್ಲಿ ಗಿಸುಕೆ ಬಂದ. ಉಡುಪಿಗೆ ಬಣ್ಣ ತುಂಬುತ್ತಲೇ ಎಪ್ಪತ್ತು ದಾಟಿದವನು, ಜಿನ್‌ಶಿಚಿಯ ಗೆಳೆಯ, ರುಯಿಯೊಡನೆ ದಿನಕ್ಕೊಮ್ಮೆಯಾದರೂ ಜಗಳ ಆಡದಿದ್ದರೆ ಅನ್ನ ಇಳಿಯದವನು. ಬಗ್ಗಿ ಆ ಮುಖ ನೋಡಿದ. ತಲೆಯೆತ್ತಿ ರುಯಿಯನ್ನು ನೋಡಿದ. ಅವಳು ರೇಕಿನ ಅಂಚಿಗೆ ಬೆರಳು ತಾಗಿಸಿ, ಉಸಿರು ಹಿಡಿದು ಕೂತಿದ್ದಳು.

“ರುಯಿ, ಹಾಗೇ ಇರು. ಅಲ್ಲಾಡ್ಬೇಡ,” ಎಂದ. “ಕಿಚಿಬೇ, ಇವಳ ತುಟಿ ನೋಡು. ಆಮೇಲೆ ಚಿತ್ರದ್ದು ನೋಡು.”

ಕಿಚಿಬೇ ನೋಡಿದ.

“ಏನದು?” ಎಂದಳು ರುಯಿ.

“ರೇಕು ಎತ್ತುವಾಗ ನೀನು ಕೆಳತುಟಿ ಒಳಗೆ ಎಳ್ಕೋತೀಯ, ಎಡ ಹುಬ್ಬು ಎತ್ತುತೀಯ. ಮೊದಲಿಂದಲೂ ಹಾಗೇ. ಇದು ನೀನು ಕಣೇ.”

“ಮುದುಕಪ್ಪ, ನಿನ್ನ ಕಣ್ಣು ಹೋಗಿದೆ. ಇದನ್ನ ಬರೆದಾಗ ನಂಗೆ ಇಪ್ಪತ್ತಾರು.”

“ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನಂಗೂ ಗೊತ್ತಾಗಲಿಲ್ಲ, ನಾನೂ ನಕ್ಕೆ. ಅವನು ಇವತ್ತಿನ ನಿನ್ನ ಬರೆದಿದಾನೆ.”

ರುಯಿ ಎದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ತಲೆನೋವೆಂದು ಹೇಳಿ ಹಗಲು ಇನ್ನೂ ಅರ್ಧ ಇರುವಾಗಲೇ ಮನೆಗೆ ಹೋದಳು. ಮೂವತ್ತನಾಲ್ಕು ವರ್ಷದಲ್ಲಿ ಅದು ಮೊದಲ ಸಲ.

ಮನೆಯೆಂದರೆ ಉದ್ದ ಸಾಲಿನಲ್ಲಿ ಒಂದು ಕೋಣೆ. ಮದುವೆಯಲ್ಲಿ ಬಂದ ಕಂಚಿನ ಕನ್ನಡಿ ಪೆಟ್ಟಿಗೆಯ ತಳದಲ್ಲಿತ್ತು. ತೆಗೆದು ನೋಡಿದರೆ ಮಂಜು ಕವಿದ ಹಾಗೆ ಮಾಸಿಹೋಗಿ, ಮೂಗಿರುವ ಜಾಗದಲ್ಲಿ ಒಂದು ಮಬ್ಬು ಮಾತ್ರ ಕಂಡಿತು. ಕೂದಲು ಕಟ್ಟಿಕೊಳ್ಳಲು ಅವಳಿಗೆ ಕನ್ನಡಿ ಬೇಕಿರಲಿಲ್ಲ, ಯಾರಿಗೆ ತೋರಿಸುವುದಿತ್ತು? ಮರುದಿನ ಬೆಳಿಗ್ಗೆ ಕನ್ನಡಿ ಉಜ್ಜುವವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಅದನ್ನು ಉಡುಪಿನ ಅಗಲ ತೋಳಿನಲ್ಲಿ ಮುಚ್ಚಿಕೊಂಡು ಹೊರಗೆ ತಂದಳು.

ಅವನು ಹುಳಿ ದಾಳಿಂಬೆಯ ರಸ ಸವರಿ ಉಜ್ಜತೊಡಗಿದ. “ಮನೇಲಿ ಮದುವೆಯಾ, ತಾಯಿ?”

“ಇಲ್ಲ.”

“ಮತ್ತೆ ಹತ್ತು ಹದಿನೈದು ವರ್ಷ ಬಿಟ್ಟಿದ್ದನ್ನ ಈಗ ಯಾಕೆ ತೆಗೆದ್ರಿ?”

“ಒಬ್ಬರ ಮುಖ ನೋಡ್ಬೇಕಾಗಿದೆ.”

“ನೋಡಿ, ನೋಡಿ. ಪಾದರಸ ಇನ್ನೊಂದು ಕೈ ಹಾಕಿದ್ರೆ ಅವರ ಮನಸ್ಸೂ ಕಾಣುತ್ತೆ,” ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ.

ಒಳಗೆ ಬಂದು ಬಾಗಿಲು ಎಳೆದುಕೊಂಡು, ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದಳು. ಮೊದಲು ಕಂಡದ್ದು ತನ್ನ ಅಮ್ಮ. ಆಮೇಲೆ ರೇಕು ಎತ್ತುವವಳಂತೆ ಉಸಿರು ಹಿಡಿದಳು. ಕೆಳತುಟಿ ತಾನಾಗಿಯೇ ಒಳಗೆ ಸರಿಯಿತು, ಎಡ ಹುಬ್ಬು ಎದ್ದಿತು. ಐದನೆಯ ಮಡಿಕೆಯ ಮುದುಕಿ ಕೈಯಳತೆಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದಳು.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಅವಳು ತಿಳಿದಿದ್ದಳು. ಅವನು ನೋಡಿದ್ದ. ಯಾವ ಸಂದಿಯಿಂದ, ಎಷ್ಟು ಸಲ, ಯಾರಿಗೆ ಗೊತ್ತು. ನೋಡಿದ್ದಷ್ಟೇ ಅಲ್ಲ, ಈ ಮುಖಕ್ಕೆ ಐವತ್ತು ಆದರೆ ಕೆನ್ನೆ ಎಲ್ಲಿ ಇಳಿಯುತ್ತದೆ, ಗೆರೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದ್ದ. ಅಲ್ಲಿಯವರೆಗೂ ಜೊತೆಗಿರುತ್ತೇನೆಂದು ನಂಬಿದ್ದವನು ಮಾತ್ರ ಹಾಗೆ ಲೆಕ್ಕ ಹಾಕುತ್ತಾನೆ. ಬಾಯಲ್ಲಿ ಹೇಳಲಾರದವನು ಬರೆದು ತೋರಿಸಿದ. ಅವಳು ಹಲ್ಲಿಲ್ಲದ ಅಜ್ಜಿ ಎಂದು ನಕ್ಕು, ಎರಡು ಕೈ ಬಿಳಿ ಬಳಿದು, ಮೇಲೆ ಚಿನ್ನ ಮುಚ್ಚಿದಳು. ರುಯಿ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಗಂಡ ಸತ್ತ ಸುದ್ದಿ ಬಂದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಅಂದಿನಿಂದ ಅವಳಿಗೆ ಒಂದೇ ಆಸೆ, ಆ ಮುಖ ಮತ್ತೆ ಮುಚ್ಚಿಹೋಗಬಾರದು. ಬಾಯಿಬಿಟ್ಟು ಏನನ್ನೂ ಕೇಳಿ ಗೊತ್ತಿಲ್ಲದವಳು ಕಿಚಿಬೇಯ ಮುಂದೆ ಹೋಗಿ ನಿಂತಳು.

“ಕಿಚಿ, ಆ ಜಾಗ ಹಾಗೇ ಬಿಡೋಕಾಗಲ್ವಾ? ಸುತ್ತ ಅಂಚು ಸರಿಮಾಡಿ ಕೊಡ್ತೀನಿ.”

ಕಿಚಿಬೇ ಒಳ್ಳೆಯವನು. ಚಿಕ್ಕಂದಿನಲ್ಲಿ ಅವಳ ಬೆನ್ನ ಮೇಲೆ ಸವಾರಿ ಮಾಡಿದವನು. “ತೆರೆ ನಮ್ಮದಲ್ವಲ್ಲ, ಚಿಕ್ಕಮ್ಮ. ನಾಡಿದ್ದು ಅವರೇ ನೋಡೋಕೆ ಬರ್ತಾರೆ. ನಾನು ಹೇಳಿ ನೋಡ್ತೀನಿ,” ಎಂದ.

ಬಂದರು. ವ್ಯಾಪಾರಿಯ ಹೆಂಡತಿ ಓಸೆನ್, ನಲವತ್ತನಾಲ್ಕರ ತುಂಬು ಮೈಯ ಹೆಂಗಸು. ಅವಳ ಹಿಂದೆ ಮದುವೆಯ ಹುಡುಗಿ ಕಿನು, ಹದಿನೇಳರವಳು. ರುಯಿ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಳು. ಹುಡುಗಿ ಮೊದಲ ಮಡಿಕೆಯ ಚೆರಿ ಮರ ನೋಡಿದಳು, ಎರಡನೆಯದರ ಎತ್ತಿನ ಗಾಡಿ ನೋಡಿದಳು, ಐದನೆಯದರ ಮುಂದೆ ಬಂದು ಕಿಸಕ್ಕನೆ ನಕ್ಕಳು.

“ಅಮ್ಮಾ, ಯಾವುದೀ ಅಜ್ಜಿ? ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ ಹಾಗೆ ಬಾಯಿ ಮಾಡಿದಾಳೆ.”

ರುಯಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವಳಿಗೆ ಕೇಳಿಸಿದ್ದು ಇಪ್ಪತ್ತಾರು ವರ್ಷದ ಹಿಂದಿನ ತನ್ನ ನಗು.

“ಅಪರೂಪದ ಕೈ, ಅಮ್ಮಾವ್ರೇ,” ಎಂದ ಕಿಚಿಬೇ. “ಇಂಥ ಮುಖ ಇಡೀ ಊರಲ್ಲಿ ಇನ್ನೊಂದಿಲ್ಲ. ಹಾಗೇ ಬಿಟ್ರೆ ತೆರೆಗೆ ಒಂದು ಘನತೆ.”

ಓಸೆನ್ ಬಗ್ಗಿದಳು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. “ಇಷ್ಟು ವರ್ಷ ಈ ಮೋಡದ ಪಕ್ಕದಲ್ಲೇ ಮಲಗಿ ಎದ್ದಿದೀನಿ,” ಎಂದಳು. “ಒಳಗೆ ಇವಳಿದ್ಲು ಅಂತ ಗೊತ್ತೇ ಇರಲಿಲ್ಲ. ನಂಗೇ ಆಗಿದ್ರೆ ಇರಲಿ ಬಿಡಿ ಅಂತಿದ್ದೆ. ನಮ್ಮನೆಯವರು ವ್ಯಾಪಾರ ಅಂತ ಊರೂರು ತಿರುಗ್ತಾರೆ. ಈ ವಯಸ್ಸಿಗೆ ಇಂಥೋಳೊಬ್ಬಳು ಪಕ್ಕದಲ್ಲಿದ್ರೆ ಒಂದು ಜೊತೆ.” ಆಮೇಲೆ ಸೆಟೆದು ನಿಂತು, ವ್ಯಾಪಾರಿಯ ಹೆಂಡತಿಯ ದನಿಯಲ್ಲಿ ಹೇಳಿದಳು: “ಆದ್ರೆ ಇದು ಹೋಗ್ತಿರೋದು ಮದುವೆ ಮನೆಗೆ. ಬೀಗರು ನೋಡಿದ್ರೆ ಅಪಶಕುನ ಅಂತಾರೆ. ಮುಚ್ಚಿಬಿಡಿ.”

ಅವರು ಹೋದ ಮೇಲೆ ಕಿಚಿಬೇ ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿಕೊಂಡು, ರುಯಿಯ ಹತ್ತಿರ ಬಂದು ಕೂತ.

“ಚಿಕ್ಕಮ್ಮ, ಹೇಗೂ ಮೋಡ ಬರುತ್ತೆ. ಕೆಳಗೆ ಏನಿದೆ ಅಂತ ಯಾರು ನೋಡ್ತಾರೆ? ಆ ಮುಖದಷ್ಟು ಕಾಗದ ನಾನು ಕತ್ತರಿಸಿ ತೆಗೀತೀನಿ. ಆ ಜಾಗಕ್ಕೆ ಬೇರೆ ತೇಪೆ ಹಾಕಿದ್ರಾಯ್ತು. ನಿಮಗೆ ಸಣ್ಣ ಪಟ ಮಾಡಿಕೊಡ್ತೀನಿ, ಮನೇಲಿ ತೂಗುಹಾಕ್ಕೊಳ್ಳಿ.”

ಅವನು ಹಾಗೆ ಹೇಳಿದ್ದು ಎಷ್ಟು ದೊಡ್ಡ ಮಾತು ಎಂಬುದು ಕಸುಬಿನವರಿಗೆ ಗೊತ್ತು. ಗಿರಾಕಿಯ ತೆರೆಗೆ ಕತ್ತರಿ ಹಾಕಿದ್ದು ತಿಳಿದರೆ ಅಂಗಡಿ ಬಾಗಿಲು ಹಾಕಬೇಕು. ರುಯಿ ತನ್ನ ಕೋಣೆಯನ್ನು ನೆನೆದಳು. ಆ ಮುಖ ತನ್ನ ಗೋಡೆಯ ಮೇಲೆ! ಬೆಳಿಗ್ಗೆ ಎದ್ದರೆ ಅದು, ಅನ್ನಕ್ಕೆ ಕೂತರೆ ಎದುರಿಗೆ ಅದು. ಹೂಂ ಎನ್ನಲು ಬಾಯಿ ತೆರೆದಳು.

ತೆರೆದು, ಐದನೆಯ ಮಡಿಕೆಯ ಕಡೆ ನೋಡಿದಳು. ಒದ್ದೆ ಹುಲ್ಲಿನ ನಡುವೆ ಕೊಡೆಯವನು ಒಂದು ಕಾಲು ಮುಂದಿಟ್ಟು ನಿಂತಿದ್ದ. ಇನ್ನು ಹತ್ತು ಹೆಜ್ಜೆ, ಅಷ್ಟೇ.

“ಬೇಡ, ಕಿಚಿ,” ಎಂದಳು.

“ಯಾಕೆ? ಯಾರಿಗೂ ಗೊತ್ತಾಗಲ್ಲ ಅಂದೆನಲ್ಲ.”

“ಗೊತ್ತಾಗೋದು ಬಿಡೋದು ಅಲ್ಲ. ಅಲ್ಲಿ ಅವಳ ಮನೆಗೆ ಒಬ್ಬ ಬರ್ತಿದಾನೆ. ಕತ್ತರಿಸಿ ತಂದ್ರೆ ನನ್ನ ಕೋಣೇಲಿ ಅವಳೂ ಒಬ್ಬಳೇ ಕೂತಿರಬೇಕು. ನಾನೊಬ್ಬಳು ಕೂತಿರೋದು ಸಾಕು.”

ಕಿಚಿಬೇ ತೆರೆಯ ಮಡಿಕೆಗಳನ್ನು ಒಂದೊಂದಾಗಿ ಮಡಚಿದ. ಮುಚ್ಚುವ ಕೆಲಸ ಬೇರೆಯವರ ಕೈಲಿ ಮಾಡಿಸುತ್ತೇನೆ, ನೀವು ಎರಡು ದಿನ ದೇವಸ್ಥಾನ ಸುತ್ತಿ ಬನ್ನಿ ಎಂದ. ಇನ್ನೊಬ್ಬರ ಕೈ ತಾಗಿದರೆ ನೋಡು ಮತ್ತೆ ಎಂದು ರುಯಿ ಗದರಿಸಿದಳು.

ಒಂಬತ್ತನೆಯ ತಿಂಗಳ ಒಣ ದಿನವೊಂದರಲ್ಲಿ ಅವಳು ಸರೇಸು ಕಾಯಿಸಲು ಕೂತಳು. ಪಕ್ಕದಲ್ಲಿ ಗಿಸುಕೆ ಬಣ್ಣದ ಬಟ್ಟಲು ತೊಳೆಯುತ್ತಿದ್ದ. ಅವಳು ನೀರು ಸುರಿದಳು, ಕಲಕಿದಳು, ಮತ್ತೆ ಸುರಿದಳು. ಚಿಪ್ಪಿನ ಬಿಳಿಯ ಡಬ್ಬಿಯನ್ನು ಮುಟ್ಟಲೇ ಇಲ್ಲ. ಗಿಸುಕೆ ಒಂದು ಹನಿ ಬೆರಳಿಗೆ ತೆಗೆದುಕೊಂಡು ತಿಕ್ಕಿ ನೋಡಿ, ಹುಬ್ಬು ಗಂಟಿಕ್ಕಿದ.

“ಏನೇ ಇದು, ಗಂಜಿ ನೀರು ಇದ್ದ ಹಾಗಿದೆ. ಬಿಳಿ ಬೇರೆ ಬಳೀತಿಲ್ಲ. ಬರೀ ಕಾಗದದ ಮೇಲೆ ಇದರಲ್ಲಿ ಕೂರಿಸಿದ್ರೆ ಎಷ್ಟು ದಿನ ನಿಲ್ಲುತ್ತೆ?”

“ಎಷ್ಟು ನಿಲ್ಲಬಹುದು ಅಣ್ಣ? ನೀನೇ ಹೇಳು.”

“ಹುಷಾರಾಗಿ ಇಟ್ಕೊಂಡ್ರೆ ಮೂವತ್ತು ವರ್ಷ. ಆಮೇಲೆ ಪುಡಿ ಪುಡಿಯಾಗಿ ಉದುರುತ್ತೆ. ಕೂರಿಸಿದೋರು ಯಾರಪ್ಪ ಅಂತ ಉಗೀತಾರೆ ಜನ. ನಿನ್ನ ಕೆಲಸಕ್ಕೆ ಇಲ್ಲೀವರೆಗೆ ಒಂದು ಮಾತು ಬಂದಿದ್ದಿಲ್ಲ.”

“ಉಗೀಲಿ. ಮೂವತ್ತು ಸಾಕು,” ಎಂದಳು ರುಯಿ. “ಆ ಹುಡುಗಿಗೆ ಆಗ ನಲವತ್ತೇಳು. ಅವಳಿಗೂ ಒಂದು ಜೊತೆ ಬೇಕಾಗುತ್ತೆ.”

ಗಿಸುಕೆ ಅವಳ ಮುಖ ನೋಡಿದ. ಬಟ್ಟಲುಗಳನ್ನು ಎತ್ತಿಕೊಂಡು ಹೊರಗೆ ಹೋದ. ರುಯಿ ಅವನ ಹಿಂದೆಯೇ ಬಾಗಿಲು ಎಳೆದು, ಸಂದಿಗೆ ಕಾಗದ ಸಿಕ್ಕಿಸಿದಳು. ಮಡಿಕೆಯ ಮುಂದೆ ಕೂತು, ತೆಳು ಸರೇಸನ್ನು ಮುದುಕಿಯ ಹಣೆಯಿಂದ ಗಲ್ಲದವರೆಗೆ ಒಂದೇ ಎಳೆತದಲ್ಲಿ ಸವರಿದಳು. ಸರೇಸು ಒಣಗುವ ಮೊದಲು ಕೂರಿಸಬೇಕು, ಹೆಚ್ಚು ಹೊತ್ತಿರಲಿಲ್ಲ. ಮೊದಲ ಚೌಕವನ್ನು ಚಿಮಟದಲ್ಲಿ ಎತ್ತಿದಳು. ಉಸಿರು ಹಿಡಿಯುವ ಮುಂಚೆ, ಇಲ್ಲದ ಗಂಡನಿಗೆ, ಜೋರಾಗಿಯೇ, ಹಿಂದಿನಂತೆ ಬೀದಿಯ ಆ ತುದಿಗೆ ಕೇಳುವ ಹಾಗೆ, “ನೋಡಿದೆ ಕಣಯ್ಯ,” ಎಂದಳು.